ಎರಡು ಕಿರೀಟಗಳ ನಡುವಣ ಕೊಂಡಿ: ಮಾರ್ಗರೆಟ್ ಡಗ್ಲಸ್

ಮಾರ್ಗರೆಟ್ ಡಗ್ಲಸ್ ಇಂಗ್ಲೆಂಡಿನ ಏಳನೆಯ ಹೆನ್ರಿಯ ಮೊಮ್ಮಗಳು. ಎಂಟನೆಯ ಹೆನ್ರಿಗೆ ಸೋದರಸೊಸೆ. ಸ್ಕಾಟ್ಲೆಂಡಿನ ದೊರೆ ಐದನೆಯ ಜೇಮ್ಸ್ ತಾಯಿಯ ಕಡೆಯಿಂದ ಆಕೆಗೆ ಅಣ್ಣ. ಆ ದೇಶದ ರಾಣಿ ಮೇರಿ ಸ್ಟೂವರ್ಟಳಿಗೆ ಹುಟ್ಟಿನಿಂದಲೂ ಆಕೆ ಅತ್ತೆ, ಮದುವೆಯಿಂದಲೂ ಅತ್ತೆ. 1603ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಎರಡರ ಕಿರೀಟವನ್ನೂ ಧರಿಸಿದ ಜೇಮ್ಸ್ ಆಕೆಯ ಮೊಮ್ಮಗ. ಐವರು ಟ್ಯೂಡರ್ ದೊರೆಗಳ ಪೈಕಿ ನಾಲ್ವರ ಆಳ್ವಿಕೆಯನ್ನು ಆಕೆ ತಿಳಿವಳಿಕೆ ಬಂದ ಪ್ರಾಯದಲ್ಲಿ ಕಂಡಳು. ಸಿಂಹಾಸನಕ್ಕೆ ಇಷ್ಟು ಹತ್ತಿರವಿದ್ದು ಅದರ ಮೇಲೆ ಒಂದು ದಿನವೂ ಕೂರದ ಈ ಹೆಣ್ಣಿಗೆ ಹೆನ್ರಿಯ ಆರು ಮಡದಿಯರ ಮತ್ತು ಇಬ್ಬರು ರಾಣಿಯರ ಕಥೆಯ ನಡುವೆ ದೊರೆತಿರುವ ಜಾಗ ತೀರ ಕಿರಿದು. ದೊರೆತ ಜಾಗದಲ್ಲೂ ಪ್ರೇಮಕ್ಕಾಗಿ ಸೆರೆಮನೆ ಕಂಡ ನತದೃಷ್ಟೆ ಎಂಬ ಚಿತ್ರವೇ ಹೆಚ್ಚು. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೊಬ್ಬ ಮಾರ್ಗರೆಟ್ ಎದುರಾಗುತ್ತಾಳೆ. ರಾಜಮನೆತನದ ಹೆಣ್ಣಿನ ಕೈಗೆ ಆ ಕಾಲ ಕೊಟ್ಟಿದ್ದ ಒಂದೇ ಒಂದು ರಾಜಕೀಯ ಸಾಧನ ಮದುವೆ. ಅದನ್ನು ತನ್ನ ಮಕ್ಕಳಿಗಾಗಿ ತಿಳಿದು, ಬೆಲೆ ತೆತ್ತು ಬಳಸಿದವಳು ಆಕೆ.

ಆಕೆಯ ತಾಯಿ ಮಾರ್ಗರೆಟ್ ಟ್ಯೂಡರ್, ಎಂಟನೆಯ ಹೆನ್ರಿಯ ಅಕ್ಕ. ಸ್ಕಾಟ್ಲೆಂಡಿನ ನಾಲ್ಕನೆಯ ಜೇಮ್ಸನನ್ನು ಮದುವೆಯಾಗಿ ಆ ದೇಶಕ್ಕೆ ಹೋಗಿದ್ದಳು. 1513ರ ಸೆಪ್ಟೆಂಬರ್ 9ರಂದು ಫ್ಲಾಡನ್ ಕದನದಲ್ಲಿ ಜೇಮ್ಸ್ ಇಂಗ್ಲಿಷರ ಕೈಯಲ್ಲಿ ಸತ್ತಾಗ, ಹಸುಗೂಸು ದೊರೆಯ ಪರವಾಗಿ ರಾಜ್ಯಭಾರ ವಿಧವೆಯ ಪಾಲಿಗೆ ಬಂತು. ಮರುವರ್ಷ ಆಗಸ್ಟ್‌ನಲ್ಲಿ ಆಕೆ ಆಂಗಸ್‌ನ ಅರ್ಲ್ ಆರ್ಚಿಬಾಲ್ಡ್ ಡಗ್ಲಸ್‌ನನ್ನು ಮರುಮದುವೆಯಾದಳು. ಮರುಮದುವೆಯಿಂದ ರಾಜಪ್ರತಿನಿಧಿಯ ಹಕ್ಕು ಕೈತಪ್ಪಿ, ಫ್ರಾನ್ಸಿನಿಂದ ಬಂದ ಆಲ್ಬನಿಯ ಡ್ಯೂಕ್ ಅಧಿಕಾರ ಹಿಡಿದ. ಗಂಡುಮಕ್ಕಳನ್ನು ಅವನ ವಶಕ್ಕೆ ಒಪ್ಪಿಸಬೇಕಾಗಿ ಬಂದ ತುಂಬು ಬಸುರಿ ರಾಣಿ ಗಡಿ ದಾಟಿ ಇಂಗ್ಲೆಂಡಿಗೆ ಓಡಿಬಂದಳು. ನಾರ್ತಂಬರ್ಲೆಂಡಿನ ಹಾರ್ಬಾಟಲ್ ಎಂಬ ಗಡಿಕೋಟೆಯಲ್ಲಿ, 1515ರ ಅಕ್ಟೋಬರ್ 8ರಂದು ಹೆಣ್ಣುಮಗು ಹುಟ್ಟಿತು. ಗಡಿಕಾವಲಿನ ಅಧಿಕಾರಿ ಲಾರ್ಡ್ ಡೇಕರ್‌ನ ಆ ಕೋಟೆ ಬಾಣಂತನಕ್ಕೆ ಹೇಳಿಮಾಡಿಸಿದ ಜಾಗವಾಗಿರಲಿಲ್ಲ. ಮರುದಿನವೇ, ಆ ಕಾಡುಸೀಮೆಯಲ್ಲಿ ತಟ್ಟನೆ ಸಿಕ್ಕ ಸಾಮಗ್ರಿಯಲ್ಲೇ ಮಗುವಿಗೆ ದೀಕ್ಷಾಸ್ನಾನ ಮಾಡಿಸಿದರು. ಜ್ಞಾನಪಿತನಾಗಿ ಹೆಸರಿಸಿದ್ದು ಕಾರ್ಡಿನಲ್ ವೂಲ್ಸಿಯನ್ನು.

ಹುಟ್ಟೂರಿನ ಈ ಆಕಸ್ಮಿಕ ಮುಂದೆ ಅರುವತ್ತು ವರ್ಷ ಲೆಕ್ಕಕ್ಕೆ ಬಂತು. ಪರದೇಶದಲ್ಲಿ ಹುಟ್ಟಿದವರು ಇಂಗ್ಲೆಂಡಿನ ನೆಲಕ್ಕೆ ವಾರಸುದಾರರಾಗಲಾರರು ಎಂಬ ನಿಯಮ ಅಲ್ಲಿನ ಕಾನೂನಿನಲ್ಲಿತ್ತು. ಕಿರೀಟಕ್ಕೂ ಅದು ಅನ್ವಯಿಸುತ್ತದೆಂದು ವಾದಿಸುವ ವಕೀಲರಿದ್ದರು. ಆ ವಾದದಂತೆ ಐದನೆಯ ಜೇಮ್ಸನಾಗಲಿ ಅವನ ಮಗಳು ಮೇರಿಯಾಗಲಿ ಹಕ್ಕು ಕೇಳುವಂತಿಲ್ಲ. ಗಡಿಯಿಂದ ಕೆಲವೇ ಮೈಲಿ ಈಚೆಗೆ ಹುಟ್ಟಿದ ಮಾರ್ಗರೆಟ್‌ಗೆ ಆ ಅಡ್ಡಿ ಇರಲಿಲ್ಲ. ಬೇರೊಂದು ಕುಂದು ಮಾತ್ರ ಜೀವನದುದ್ದಕ್ಕೂ ಬೆನ್ನು ಹತ್ತಿತು. ತಂದೆತಾಯಿಯರ ದಾಂಪತ್ಯ ಬೇಗನೆ ಕೆಟ್ಟು, 1527ರಲ್ಲಿ ಪೋಪ್ ಅದನ್ನು ರದ್ದುಮಾಡಿದ. ಆಂಗಸ್‌ಗೆ ಮೊದಲೇ ಬೇರೊಬ್ಬಳೊಂದಿಗೆ ಮದುವೆಯ ಒಪ್ಪಂದವಾಗಿತ್ತೆಂಬುದು ಕಾರಣ. ತಾಯಿ ಒಳ್ಳೆಯ ನಂಬಿಕೆಯಿಂದಲೇ ಮದುವೆಯಾಗಿದ್ದರಿಂದ ಮಗಳ ಜನ್ಮಕ್ಕೆ ಕಳಂಕವಿಲ್ಲ ಎಂದು ತೀರ್ಪಿನಲ್ಲೇ ಕಾಪಾಡಲಾಯಿತು. ಆದರೂ ಆಕೆಯನ್ನು ಹಣಿಯಬೇಕೆಂದಾಗಲೆಲ್ಲ ಎದುರಾಳಿಗಳು ಇದೇ ಕಡತವನ್ನು ಬಿಚ್ಚಿದರು.

ಬಾಲ್ಯ ಜಗಳದ ಮನೆಯಲ್ಲಿ ಕಳೆಯಿತು. ಮಗಳನ್ನು ತಾಯಿಯಿಂದ ಬಿಡಿಸಿ ತನ್ನ ಬಳಿ ಇಟ್ಟುಕೊಂಡ ಆಂಗಸ್ 1528ರ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಅಧಿಕಾರ ಕಳೆದುಕೊಂಡು ದೇಶಭ್ರಷ್ಟನಾದ. ಗಡಿಪಟ್ಟಣ ಬೆರಿಕ್‌ನಲ್ಲಿ ಸ್ವಲ್ಪ ಕಾಲ ಇದ್ದ ಹುಡುಗಿಯನ್ನು 1530ರಲ್ಲಿ ಸೋದರಮಾವ ಲಂಡನ್ನಿಗೆ ಕರೆಸಿಕೊಂಡ. ಅವಳಿಗೆ ಆಗ ಹದಿನಾಲ್ಕು. ಹೆನ್ರಿಯ ಮಗಳು ಮೇರಿಯ ಪರಿವಾರದಲ್ಲಿ ಅವಳಿಗೆ ನೆಲೆ ಸಿಕ್ಕಿತು. ಮೇರಿ ಅವಳಿಗಿಂತ ನಾಲ್ಕೇ ತಿಂಗಳು ಚಿಕ್ಕವಳು. ಇಬ್ಬರೂ ಒಡೆದ ಸಂಸಾರದ ಮಕ್ಕಳು, ಇಬ್ಬರೂ ಹಳೆಯ ಧರ್ಮವನ್ನು ಬಿಡದವರು. ಆ ಸ್ನೇಹ ಮೇರಿಯ ಸಾವಿನ ತನಕ ಕದಲಲಿಲ್ಲ. 1533ರಲ್ಲಿ ಮೇರಿಯ ಪರಿವಾರವನ್ನು ಮುರಿದಾಗ ಮಾರ್ಗರೆಟ್ ಹೊಸ ರಾಣಿ ಆನ್ ಬೊಲಿನ್‌ಳ ಸೇವೆಗೆ ಹೋದಳು.

ಆನ್‌ಳ ಓಲಗದಲ್ಲಿ ಹಾಡು, ಕವಿತೆ, ಸರಸದ ಮಾತಿಗೆ ಕೊರತೆಯಿರಲಿಲ್ಲ. ಅಲ್ಲಿ ಮಾರ್ಗರೆಟ್‌ಗೆ ಲಾರ್ಡ್ ಥಾಮಸ್ ಹೊವಾರ್ಡ್ ಎಂಬ ತರುಣನ ಪರಿಚಯವಾಯಿತು. ನಾರ್ಫೋಕ್ ಡ್ಯೂಕನ ಮಲತಮ್ಮನಾದ ಈತ ರಾಣಿಗೆ ವಯಸ್ಸಿನಲ್ಲಿ ಕಿರಿಯನಾದರೂ ವರಸೆಯಲ್ಲಿ ಸೋದರಮಾವ. 1536ರ ವಸಂತದಲ್ಲಿ ಇಬ್ಬರೂ ಗುಟ್ಟಾಗಿ ಮಾತು ಕೊಟ್ಟುಕೊಂಡರು. ಅವನು ಒಂದು ಉಂಗುರ ಕೊಟ್ಟ. ಅವಳು ತನ್ನ ಚಿತ್ರಪಟವನ್ನೂ ಒಂದು ವಜ್ರವನ್ನೂ ಕೊಟ್ಟಳು. ಅಂದಿನ ಧರ್ಮಸಭೆಯ ಕಾನೂನಿನಲ್ಲಿ ಇಂಥ ಮಾತಿಗೆ ಮದುವೆಯಷ್ಟೇ ಬಲವಿತ್ತು. ಪಾದ್ರಿಯಾಗಲಿ ಮಂಟಪವಾಗಲಿ ಬೇಕೇಬೇಕೆಂದಿರಲಿಲ್ಲ.

ಗುಟ್ಟು ರಟ್ಟಾದ ಹೊತ್ತು ಬಹಳ ಕೆಟ್ಟದ್ದಾಗಿತ್ತು. ಮೇ 19ರಂದು ಆನ್‌ಳ ತಲೆ ಉರುಳಿತ್ತು. ಜುಲೈನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಹೊಸ ಉತ್ತರಾಧಿಕಾರ ಕಾಯಿದೆ ಮೇರಿ, ಎಲಿಜಬೆತ್ ಇಬ್ಬರನ್ನೂ ಅನೌರಸ ಸಂತಾನವೆಂದು ಸಾರಿತು. ದೊರೆಯ ಅನೌರಸ ಮಗ ಹೆನ್ರಿ ಫಿಟ್ಜ್‌ರಾಯ್ ಜುಲೈ 23ರಂದು ತೀರಿಕೊಂಡ. ಸ್ಕಾಟ್ಲೆಂಡಿನ ಜೇಮ್ಸ್ ಪರದೇಶದವನು. ಹೀಗೆ ಒಬ್ಬೊಬ್ಬರನ್ನೇ ಹೊಡೆದುಹಾಕುತ್ತ ಬಂದರೆ, ಇಂಗ್ಲೆಂಡಿನಲ್ಲಿ ಹುಟ್ಟಿ ಅರಮನೆಯಲ್ಲೇ ಬೆಳೆದ ಇಪ್ಪತ್ತು ವರ್ಷದ ಮಾರ್ಗರೆಟ್ ಸಿಂಹಾಸನಕ್ಕೆ ಎಲ್ಲರಿಗಿಂತ ಹತ್ತಿರದವಳಾಗಿ ಕಾಣುತ್ತಿದ್ದಳು. ಅವಳ ಕೈಹಿಡಿದವನು ನಾಳೆ ದೊರೆಯಾಗಬಹುದು. ಹೆನ್ರಿ ಆ ಪ್ರಣಯದಲ್ಲಿ ಕಂಡದ್ದು ಕಿರೀಟದ ಮೇಲಿನ ಕಣ್ಣು.

ಇಬ್ಬರನ್ನೂ ಲಂಡನ್ನಿನ ಟವರ್ ಕೋಟೆಗೆ ತಳ್ಳಲಾಯಿತು. ಥಾಮಸ್ ಮಾಡಿದ ಕೆಲಸ ಮಾಡುವಾಗ ಯಾವ ಕಾನೂನಿನ ಪ್ರಕಾರವೂ ಅಪರಾಧವಾಗಿರಲಿಲ್ಲ. ಆದ್ದರಿಂದ ವಿಚಾರಣೆಯ ಗೋಜಿಗೇ ಹೋಗದೆ ಪಾರ್ಲಿಮೆಂಟಿನ ಕಾಯಿದೆಯ ಮೂಲಕವೇ ಅವನನ್ನು ರಾಜದ್ರೋಹಿಯೆಂದು ಘೋಷಿಸಿ ಮರಣದಂಡನೆ ವಿಧಿಸಿದರು. ದೊರೆಯ ಮಕ್ಕಳು, ಅಕ್ಕತಂಗಿಯರು, ಸೋದರತ್ತೆಯರು, ಸೋದರಸೊಸೆಯರನ್ನು ರಾಜಮುದ್ರೆಯ ಅಪ್ಪಣೆಯಿಲ್ಲದೆ ಮದುವೆಯಾಗುವುದು ಇನ್ನು ಮುಂದೆ ರಾಜದ್ರೋಹ ಎಂಬ ವಿಧಿಯೂ ಅದೇ ಕಾಯಿದೆಯಲ್ಲಿ ಸೇರಿತು. ಒಬ್ಬ ಹುಡುಗಿಯ ಮದುವೆಯ ಮಾತಿಗಾಗಿ ಒಂದು ದೇಶದ ದ್ರೋಹದ ಕಾನೂನೇ ತಿದ್ದುಪಡಿಯಾಯಿತೆಂದರೆ ಅವಳ ರಕ್ತಕ್ಕೆ ಅಧಿಕಾರಸ್ಥರು ಕಟ್ಟಿದ್ದ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಸ್ಕಾಟ್ಲೆಂಡಿನಿಂದ ತಾಯಿ, ಮಗಳನ್ನು ತನ್ನ ಬಳಿಗೆ ಕಳಿಸಿಬಿಡು, ಇನ್ನು ಅವಳು ನಿನ್ನ ಕಣ್ಣಿಗೆ ಬೀಳುವುದಿಲ್ಲ ಎಂಬ ಧಾಟಿಯಲ್ಲಿ ತಮ್ಮನಿಗೆ ಕಾಗದ ಬರೆದು ಬೇಡಿಕೊಂಡಳು.

ಟವರಿನಲ್ಲಿ ಜ್ವರ ಹಿಡಿದು ಮಲಗಿದ ಮಾರ್ಗರೆಟ್‌ಳನ್ನು ಥೇಮ್ಸ್ ದಂಡೆಯ ಸೈಯನ್ ಸನ್ಯಾಸಿನಿಯರ ಮಠಕ್ಕೆ ಸಾಗಿಸಿದರು. ಅಲ್ಲಿಂದ ಆಕೆ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಬರೆದ ಕಾಗದ ಉಳಿದುಬಂದಿದೆ. ಲಾರ್ಡ್ ಥಾಮಸನ ಇಬ್ಬರು ಆಳುಗಳನ್ನು ಆಕೆ ತನ್ನ ಬಳಿ ಇರಿಸಿಕೊಂಡಿದ್ದಳೆಂಬುದೇ ಆಕ್ಷೇಪ. ಅವರ ಬಡತನ ಕಂಡು ಇರಿಸಿಕೊಂಡೆ, ಈಗ ಬಿಡುತ್ತೇನೆ, ಅವನ ಮೇಲಿನ ಮೋಹ ನನ್ನಲ್ಲಿ ಕಿಂಚಿತ್ತೂ ಉಳಿದಿಲ್ಲ ಎಂಬುದು ಆ ಕಾಗದದ ಸಾರ. ಇದನ್ನು ನಂಬಿ ಆಕೆಯನ್ನು ಚಂಚಲೆಯೆಂದು ತೀರ್ಮಾನಿಸಿದವರಿದ್ದಾರೆ. ಆದರೆ ತಲೆಯ ಮೇಲೆ ಕತ್ತಿ ತೂಗುತ್ತಿದ್ದಾಗ ಮಂತ್ರಿಗೆ ಬರೆದ ಕಾಗದದಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ಮನಸ್ಸು ಬಿಚ್ಚಿದ ಬರಹ ಬೇರೆ ಕಡೆ ಸಿಗುತ್ತದೆ.

ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಡೆವನ್‌ಶೈರ್ ಹಸ್ತಪ್ರತಿ. ಆನ್ ಬೊಲಿನ್‌ಳ ಓಲಗದ ಬಳಗದಲ್ಲಿ ಕೈಯಿಂದ ಕೈಗೆ ತಿರುಗಿದ ಈ ಪುಸ್ತಕದಲ್ಲಿ ಸುಮಾರು ಇಪ್ಪತ್ತು ಜನರ ಬರವಣಿಗೆಯಿದೆ. ಮಾರ್ಗರೆಟ್, ಅವಳ ಗೆಳತಿ ಮೇರಿ ಶೆಲ್ಟನ್, ಫಿಟ್ಜ್‌ರಾಯ್‌ನ ಹೆಂಡತಿ ಮೇರಿ ಹೊವಾರ್ಡ್ ಇವರಲ್ಲಿ ಮುಖ್ಯರು. ಆ ಕಾಲದ ದೊಡ್ಡ ಕವಿ ಸರ್ ಥಾಮಸ್ ವಾಯಟ್‌ನ ನೂರಕ್ಕೂ ಹೆಚ್ಚು ಕವಿತೆಗಳು ಇದರಲ್ಲಿರುವುದರಿಂದ ಬಹುಕಾಲ ವಿದ್ವಾಂಸರು ಇದನ್ನು ವಾಯಟ್‌ನ ಪಾಠಕ್ಕಾಗಿಯೇ ತಿರುವಿಹಾಕಿದರು. ಅದರ ನಡುವೆ, ಸೆರೆಯಲ್ಲಿದ್ದ ಇಬ್ಬರು ಪ್ರೇಮಿಗಳು ಪದ್ಯದಲ್ಲಿ ಪ್ರಶ್ನೋತ್ತರ ನಡೆಸುವ ಒಂದು ಗುಚ್ಛವಿದೆ. ಅವನು ತಮ್ಮನ್ನು ಅಗಲಿಸಿದವರನ್ನು ದೂರುತ್ತಾನೆ. ಅವಳು ಅವನ ನಿಷ್ಠೆಯನ್ನು ಕೊಂಡಾಡಿ ತಾನೂ ಅಲುಗುವುದಿಲ್ಲವೆನ್ನುತ್ತಾಳೆ. ಚಾಸರನ ಅಚ್ಚಾದ ಕೃತಿಗಳಿಂದ ತಮ್ಮ ಪಾಡಿಗೆ ಹೊಂದುವ ಚರಣಗಳನ್ನು ಎತ್ತಿಕೊಂಡು, ಬೇಕಾದೆಡೆ ಒಂದೆರಡು ಪದ ಬದಲಿಸಿಕೊಂಡಿರುವುದೂ ಉಂಟು. ಪುಟಗಳ ಅಂಚಿನಲ್ಲಿ ಮಾರ್ಗರೆಟ್‌ಳ ಅಕ್ಷರದಲ್ಲಿ, ಯಾವ ಪದ್ಯ ನೆನಪಿಡತಕ್ಕದ್ದು ಎಂಬಂಥ ಚಿಕ್ಕಚಿಕ್ಕ ಸೂಚನೆಗಳಿವೆ. ಹದಿನಾರನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷಿನಲ್ಲಿ ಹೆಣ್ಣುಮಕ್ಕಳು ಕೂಡಿ ಬರೆದು, ಓದಿ, ಆರಿಸಿ ಉಳಿಸಿದ ಇಂಥ ಇನ್ನೊಂದು ಪುಸ್ತಕ ಸಿಗುವುದು ಕಷ್ಟ. ಮಾರ್ಗರೆಟ್ ಇದನ್ನು ಜತನವಾಗಿ ಕಾಪಾಡಿಕೊಂಡಿದ್ದಳೆಂಬುದಕ್ಕೆ ಪುಸ್ತಕದೊಳಗೇ ಸಾಕ್ಷಿಯಿದೆ: ಹಲವು ವರ್ಷಗಳ ನಂತರ ಆಕೆಯ ಮಗ ಹೆನ್ರಿ ಸ್ಟೂವರ್ಟ್ ಅದರಲ್ಲೊಂದು ಪದ್ಯ ಬರೆದು ಕೆಳಗೆ ತನ್ನ ಹೆಸರು ಹಾಕಿದ್ದಾನೆ.

ಥಾಮಸನ ತಲೆ ಹಾರಲಿಲ್ಲ. ಟವರಿನಲ್ಲೇ ಕಾಯಿಲೆ ಬಿದ್ದು 1537ರ ಅಕ್ಟೋಬರ್ 31ರಂದು ಸತ್ತ. ಮೆರವಣಿಗೆಯ ಆಡಂಬರ ಮಾಡಕೂಡದೆಂಬ ಷರತ್ತಿನ ಮೇಲೆ ಹೆಣವನ್ನು ತಾಯಿಗೆ ಕೊಟ್ಟರು. ಅದೇ ತಿಂಗಳ 12ರಂದು ಹೆನ್ರಿಗೆ ಗಂಡುಮಗು ಹುಟ್ಟಿ ಉತ್ತರಾಧಿಕಾರದ ಆತಂಕ ಕಳೆದಿತ್ತು, ಮಾರ್ಗರೆಟ್‌ಗೆ ಬಿಡುಗಡೆಯಾಯಿತು. ನಾಲ್ಕು ವರ್ಷದ ಬಳಿಕ, 1541ರಲ್ಲಿ, ಆಗಿನ ರಾಣಿ ಕ್ಯಾಥರೀನ್ ಹೊವಾರ್ಡಳ ಅಣ್ಣ ಚಾರ್ಲ್ಸ್‌ನೊಂದಿಗೆ ಅವಳ ಹೆಸರು ಕೇಳಿಬಂದು ಮತ್ತೆ ಸೈಯನ್ ಮಠದ ಕಟ್ಟಡವೇ ಗತಿಯಾಯಿತು. ಮೂರನೆಯ ಸಲ ಹೀಗಾಗದಂತೆ ನೋಡಿಕೊಳ್ಳಲು ಎಚ್ಚರಿಸಬೇಕೆಂದು ಮಂತ್ರಿಮಂಡಲ ಆರ್ಚ್‌ಬಿಷಪ್ ಕ್ರಾನ್ಮರ್‌ಗೆ ಸೂಚಿಸಿತು. ಕೆಲವೇ ದಿನಗಳಲ್ಲಿ ಅಪರಾಧಿಯೆನಿಸಿದ ರಾಣಿಯನ್ನೇ ಸೈಯನ್‌ಗೆ ತಂದಿಡಬೇಕಾದಾಗ, ಅವಳಿಗೆ ಜಾಗ ತೆರವು ಮಾಡಲು ಮಾರ್ಗರೆಟ್‌ಳನ್ನು ನಾರ್ಫೋಕ್ ಡ್ಯೂಕನ ಕೆನಿಂಗ್‌ಹಾಲ್ ಮನೆಗೆ ಕಳಿಸಿದರು.

ಮದುವೆ ಕೊನೆಗೂ ಆದದ್ದು ದೊರೆಯ ಅಗತ್ಯಕ್ಕೆ. ಸ್ಕಾಟ್ಲೆಂಡಿನ ಹಸುಳೆ ರಾಣಿ ಮೇರಿಯನ್ನು ತನ್ನ ಮಗ ಎಡ್ವರ್ಡ್‌ಗೆ ತಂದುಕೊಳ್ಳಬೇಕೆಂದು ಹೆನ್ರಿ ಆ ದೇಶದ ಮೇಲೆ ದಂಡೆತ್ತಿದ್ದ. ಅವನ ಕಡೆಗೆ ಒಲಿದುಬಂದ ಸ್ಕಾಟ್ ಸರದಾರ ಲೆನಕ್ಸ್‌ನ ಅರ್ಲ್ ಮ್ಯಾಥ್ಯೂ ಸ್ಟೂವರ್ಟ್. ಎರಡನೆಯ ಜೇಮ್ಸನ ಮಗಳ ವಂಶದವನಾದ್ದರಿಂದ ಅವನಿಗೂ ಸ್ಕಾಟ್ಲೆಂಡಿನ ಸಿಂಹಾಸನದ ಮೇಲೆ ಹಕ್ಕಿತ್ತು. ಅವನ ನಿಷ್ಠೆಗೆ ಪ್ರತಿಫಲವಾಗಿ 1544ರ ಬೇಸಿಗೆಯಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯಲ್ಲಿ ಮಾರ್ಗರೆಟ್‌ಳನ್ನು ಕೊಟ್ಟು ಮದುವೆ ಮಾಡಿದರು. ಯಾರ್ಕ್‌ಶೈರಿನ ಟೆಂಪಲ್ ನ್ಯೂಸಮ್ ಎಂಬ ದೊಡ್ಡ ಮನೆ, ಜಹಗೀರುಗಳು ದೊರಕಿದವು. ಉತ್ತರದ ಬಂಡಾಯದಲ್ಲಿ ತಲೆ ಕಳೆದುಕೊಂಡ ಲಾರ್ಡ್ ಡಾರ್ಸಿಯ ಆಸ್ತಿ ಅದು. ರಾಜಕೀಯಕ್ಕಾಗಿ ಕೂಡಿಸಿದ ಈ ಜೋಡಿಯಲ್ಲಿ ನಿಜವಾದ ಒಲವು ಬೆಳೆಯಿತು. ಲೆನಕ್ಸ್ ಅವಳನ್ನು ಮೆಗ್ ಎಂದು ಕರೆಯುತ್ತಿದ್ದ. ನಾಲ್ಕು ಗಂಡು, ನಾಲ್ಕು ಹೆಣ್ಣು ಮಕ್ಕಳು ಹುಟ್ಟಿದರು. ದೊಡ್ಡವರಾಗುವ ತನಕ ಬದುಕಿದವರು ಇಬ್ಬರೇ: ಡಾರ್ನ್ಲಿ ಎಂದೇ ಹೆಸರಾದ ಹೆನ್ರಿ, ಕಿರಿಯವನಾದ ಚಾರ್ಲ್ಸ್.

ಎಂಟನೆಯ ಹೆನ್ರಿಯ ಉಯಿಲಿಗೆ 1546ರ ಡಿಸೆಂಬರ್ 30ರ ದಿನಾಂಕವಿದೆ. ತನ್ನ ಮೂವರು ಮಕ್ಕಳ ನಂತರ ಕಿರೀಟ ತಂಗಿ ಮೇರಿಯ ಸಂತತಿಗೆ, ಅಂದರೆ ಸಫೋಕ್ ಶಾಖೆಗೆ ಸಲ್ಲಬೇಕೆಂದು ಅದರಲ್ಲಿ ಬರೆಸಿದ. ಅಕ್ಕನ ಸಂತತಿಯ ಹೆಸರೇ ಇಲ್ಲ. ಹಿರಿಯ ಶಾಖೆಯನ್ನು ಹೀಗೆ ದಾಟಿಹೋದದ್ದನ್ನು ಮಾರ್ಗರೆಟ್ ಒಪ್ಪಿಕೊಳ್ಳಲೇ ಇಲ್ಲ. ಮುಂದಿನ ಮೂವತ್ತು ವರ್ಷಗಳ ಆಕೆಯ ನಡೆಗಳೆಲ್ಲ ಈ ಉಯಿಲಿಗೆ ಕೊಟ್ಟ ಉತ್ತರವೆಂದು ಓದಿದರೆ ಮಾತ್ರ ಅರ್ಥವಾಗುತ್ತವೆ.

ಆರನೆಯ ಎಡ್ವರ್ಡನ ಪ್ರಾಟೆಸ್ಟಂಟ್ ಆಳ್ವಿಕೆಯನ್ನು ಆಕೆ ಹೆಚ್ಚಾಗಿ ಯಾರ್ಕ್‌ಶೈರಿನಲ್ಲೇ ಕಳೆದಳು. 1553ರಲ್ಲಿ ಗೆಳತಿ ಮೇರಿ ರಾಣಿಯಾದಾಗ ಅದೃಷ್ಟ ತಿರುಗಿತು. ಅರಮನೆಯಲ್ಲಿ ವಾಸ, ಉಡುಗೊರೆಗಳು, ಸಮಾರಂಭಗಳಲ್ಲಿ ಎಲಿಜಬೆತ್‌ಗಿಂತ ಮುಂದಿನ ಸ್ಥಾನ ಎಲ್ಲವೂ ಬಂದವು. ತನಗೆ ಮಕ್ಕಳಾಗದಿದ್ದರೆ ಪಟ್ಟಕ್ಕೆ ಮಾರ್ಗರೆಟ್‌ಳೇ ತಕ್ಕವಳೆಂದು ಮೇರಿ ಹೇಳಿದ್ದನ್ನು ಪವಿತ್ರ ರೋಮನ್ ಸಾಮ್ರಾಟನ ರಾಯಭಾರಿ ಸಿಮೋನ್ ರೆನಾರ್ ವರದಿ ಮಾಡಿದ್ದಾನೆ. ಹಾಗೆ ಮಾಡಲು ಪಾರ್ಲಿಮೆಂಟಿನ ಒಪ್ಪಿಗೆ ಬೇಕಿತ್ತು, ಅದು ಸಿಗುವಂತಿರಲಿಲ್ಲ. 1558ರಲ್ಲಿ ಮೇರಿ ತೀರಿಕೊಂಡಾಗ ಅಂತ್ಯಕ್ರಿಯೆಯ ಮುಖ್ಯ ಶೋಕಾರ್ಥಿಯಾಗಿ ಶವದ ಹಿಂದೆ ನಡೆದವಳು ಮಾರ್ಗರೆಟ್.

ಈಗ ಪಟ್ಟಕ್ಕೆ ಬಂದ ಎಲಿಜಬೆತ್ ಹಳೆಯ ಅವಮಾನವನ್ನು ಮರೆತವಳಲ್ಲ. ಮಾರ್ಗರೆಟ್ ಕೂಡ ಸುಮ್ಮನಿರುವವಳಲ್ಲ. 1560ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಎರಡನೆಯ ಫ್ರಾನ್ಸಿಸ್ ಸತ್ತು ಮೇರಿ ಸ್ಟೂವರ್ಟ್ ಹದಿನೆಂಟು ತುಂಬುವ ಮುನ್ನವೇ ವಿಧವೆಯಾದಳು. ಸಂತಾಪ ಹೇಳುವ ನೆಪದಲ್ಲಿ ಮಾರ್ಗರೆಟ್ ಮಗ ಡಾರ್ನ್ಲಿಯನ್ನು ಫ್ರಾನ್ಸಿಗೆ ಕಳಿಸಿದಳು. ಅವಳ ಲೆಕ್ಕ ನೇರವಾಗಿತ್ತು. ಇಂಗ್ಲೆಂಡಿನ ಸಿಂಹಾಸನಕ್ಕೆ ಹಿರಿಯ ಶಾಖೆಯ ಹಕ್ಕು ಎರಡು ಕಡೆ ಹಂಚಿಹೋಗಿತ್ತು: ಅಣ್ಣನ ಮಗಳ ಬಳಿ ಒಂದು, ಇಂಗ್ಲೆಂಡಿನಲ್ಲೇ ಹುಟ್ಟಿದ ತನ್ನ ಮಗನ ಬಳಿ ಇನ್ನೊಂದು. ಇಬ್ಬರಿಗೂ ಮದುವೆಯಾದರೆ ಅವರ ಮಗುವನ್ನು ಯಾವ ಉಯಿಲೂ ತಡೆಯಲಾರದು. ಸೋದರಮಾವನ ಮಗಳನ್ನು ತಂದುಕೊಳ್ಳುವುದು ಕನ್ನಡ ನಾಡಿನ ಅನೇಕ ಮನೆಗಳಲ್ಲಿ ರೂಢಿಯ ಸಂಬಂಧ. ಕ್ಯಾಥೊಲಿಕ್ ಯುರೋಪಿನಲ್ಲಿ ಅದಕ್ಕೆ ಪೋಪನ ವಿಶೇಷ ಅನುಮತಿ ಬೇಕಿತ್ತು.

ಮನೆಯೊಳಗಿನವರೇ ಸುದ್ದಿ ಮುಟ್ಟಿಸಿದ್ದರಿಂದ 1562ರಲ್ಲಿ ಸಂಚು ಬಯಲಾಯಿತು. ಲೆನಕ್ಸ್ ಟವರಿಗೆ ಹೋದ. ಮಾರ್ಗರೆಟ್‌ಳನ್ನು ಶೀನ್ ಎಂಬಲ್ಲಿ ಹಳೆಯ ಮಠದ ಕಟ್ಟಡದಲ್ಲಿ ಕೂಡಿಹಾಕಿದರು. ರಹಸ್ಯವಾಗಿ ಪೂಜೆ ನಡೆಸಿದ್ದು, ಕಣಿ ಕೇಳಿದ್ದು, ರಾಣಿಯ ಹಕ್ಕನ್ನು ಹಳಿದದ್ದು ಎಂದು ಆರೋಪಗಳ ಪಟ್ಟಿ ಬೆಳೆಯಿತು. ಆಕೆಯ ಜನ್ಮದ ಹಳೆಯ ಪ್ರಶ್ನೆಗೂ ಮತ್ತೆ ಸಾಕ್ಷಿ ಕೂಡಿಹಾಕತೊಡಗಿದರು. ಆ ತಿಂಗಳುಗಳಲ್ಲಿ ಆಕೆ ರಾಣಿಯ ಕಾರ್ಯದರ್ಶಿ ವಿಲಿಯಂ ಸೆಸಿಲ್‌ಗೆ ಬರೆದ ಕಾಗದಗಳು ಓದಲು ಯೋಗ್ಯವಾಗಿವೆ. ತನ್ನ ಹುಟ್ಟಿನ ವಿಷಯ ಬಂದರೆ ಅವು ತಲೆಯೆತ್ತಿ ಮಾತಾಡುತ್ತವೆ. ಗಂಡನ ವಿಷಯ ಬಂದರೆ ಕೈಮುಗಿಯುತ್ತವೆ. ಲೆನಕ್ಸ್‌ಗೆ ಒಂಟಿತನ ತಡೆಯಲಾಗದ ಒಂದು ಬಗೆಯ ಕಾಯಿಲೆ. ಒಬ್ಬನೇ ಇದ್ದಷ್ಟೂ ಅದು ಉಲ್ಬಣಿಸುತ್ತದೆ, ಅವನನ್ನು ನನ್ನ ಜೊತೆಗೇ ಸೆರೆಯಲ್ಲಿಡಿ ಎಂದು ಆಕೆ ಮತ್ತೆ ಮತ್ತೆ ಕೇಳಿದಳು. 1563ರ ಆರಂಭದಲ್ಲಿ ಇಬ್ಬರನ್ನೂ ಬಿಟ್ಟರು.

ಹಟ ಬಿಡಲಿಲ್ಲ. 1564ರಲ್ಲಿ ಲೆನಕ್ಸ್ ತನ್ನ ಜಹಗೀರಿನ ಕೆಲಸವೆಂದು ಅಪ್ಪಣೆ ಪಡೆದು ಸ್ಕಾಟ್ಲೆಂಡಿಗೆ ಹೋದ. 1565ರ ಫೆಬ್ರವರಿಯಲ್ಲಿ ಡಾರ್ನ್ಲಿಯೂ ಹೋದ. ಮೇರಿ ಆ ನೀಳಕಾಯದ ಚೆಲುವನಿಗೆ ಮನಸೋತಳು. ಇಬ್ಬರೂ ಹಿಂದಿರುಗಬೇಕೆಂದು ಎಲಿಜಬೆತ್ ಕಳಿಸಿದ ಆಜ್ಞೆಯನ್ನು ತಂದೆಮಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೈಗೆ ಸಿಕ್ಕವಳು ತಾಯಿ. ಟವರಿನ ಆವರಣದ ಮನೆಯೊಂದರ ಕೋಣೆಯಲ್ಲಿ ಇಂದಿಗೂ ಒಂದು ಕಲ್ಲಿನ ಬರಹವಿದೆ. 1565ರ ಜೂನ್ 20ರಂದು, ಮಗ ಲಾರ್ಡ್ ಡಾರ್ನ್ಲಿಗೂ ಸ್ಕಾಟ್ಲೆಂಡಿನ ರಾಣಿಗೂ ನಡೆದ ವಿವಾಹದ ಕಾರಣ ಲೆನಕ್ಸ್‌ನ ಕೌಂಟೆಸ್‌ಳನ್ನು ಈ ಕೋಣೆಯಲ್ಲಿ ಸೆರೆಯಿಡಲಾಯಿತೆಂದು ಅದು ಹೇಳುತ್ತದೆ. ಸೇವೆಗಿದ್ದ ಆಳುಗಳ ಹೆಸರುಗಳನ್ನೂ ಕೆಳಗೆ ಕೊರೆದಿದ್ದಾರೆ. ಹೋಲಿರೂಡ್ ಅರಮನೆಯಲ್ಲಿ ಮದುವೆ ವಿಧಿವತ್ತಾಗಿ ನಡೆದದ್ದು ಜುಲೈ 29ರಂದು. ಸೆರೆಯ ಬರಹ ಮದುವೆಗಿಂತ ಐದು ವಾರ ಮುಂಚಿನ ತಾರೀಖನ್ನು ಹೊತ್ತಿದೆ. ಮರುವರ್ಷ ಜೂನ್ 19ರಂದು ಎಡಿನ್‌ಬರೋ ಕೋಟೆಯಲ್ಲಿ ಮೊಮ್ಮಗ ಜೇಮ್ಸ್ ಹುಟ್ಟಿದಾಗಲೂ ಮಾರ್ಗರೆಟ್ ಟವರಿನಲ್ಲೇ ಇದ್ದಳು.

ಗೆದ್ದ ಆಟಕ್ಕೆ ತೆತ್ತ ಬೆಲೆ ಘೋರವಾಗಿತ್ತು. ಡಾರ್ನ್ಲಿ ದುಡುಕಿನವ, ಅಹಂಕಾರಿ. ಒಂದೇ ವರ್ಷದಲ್ಲಿ ಹೆಂಡತಿಯೂ ಆಸ್ಥಾನವೂ ಅವನಿಗೆ ಎರವಾದರು. ತಾಯಿಯ ಮಮತೆ ಮಗನ ಈ ದೋಷಗಳನ್ನು ಕಾಣಲಿಲ್ಲವೆಂಬುದನ್ನು ಒಪ್ಪಲೇಬೇಕು. 1567ರ ಫೆಬ್ರವರಿ 10ರ ನಸುಕಿನಲ್ಲಿ ಎಡಿನ್‌ಬರೋ ಅಂಚಿನ ಕರ್ಕ್ ಓ' ಫೀಲ್ಡ್‌ನಲ್ಲಿ ಅವನಿದ್ದ ಮನೆ ಮದ್ದುಗುಂಡಿನಿಂದ ಸಿಡಿಯಿತು. ಹೊರಗಿನ ತೋಟದಲ್ಲಿ ಅವನ ಶವ ಸಿಕ್ಕಿತು. ಸೆಸಿಲ್‌ನ ಹೆಂಡತಿ ಮತ್ತು ಲೇಡಿ ಹೊವಾರ್ಡ್ ಟವರಿಗೆ ಹೋಗಿ ಮಾರ್ಗರೆಟ್‌ಗೆ ಸುದ್ದಿ ಹೇಳಿದರು. ಗಂಡನೂ ಸತ್ತನೆಂಬ ಸುಳ್ಳು ಸುದ್ದಿಯೂ ಅದರ ಜೊತೆಗಿತ್ತು. ಆಕೆಯ ಸಂಕಟ ನೋಡಲಾರದೆ ವೈದ್ಯನನ್ನೂ ವೆಸ್ಟ್‌ಮಿನ್‌ಸ್ಟರಿನ ಡೀನ್‌ನನ್ನೂ ಕಳಿಸಬೇಕಾಯಿತೆಂದು ಸೆಸಿಲ್ ದಾಖಲಿಸಿದ್ದಾನೆ. ಆಮೇಲೆ ಬಿಡುಗಡೆಯಾಯಿತು.

ಕೊಲೆಯಲ್ಲಿ ಸೊಸೆಯ ಕೈವಾಡವಿದೆಯೆಂದು ಮಾರ್ಗರೆಟ್ ಆಗ ದೃಢವಾಗಿ ನಂಬಿದಳು. ಗಂಡಹೆಂಡತಿ 1568ರ ಜನವರಿಯಲ್ಲಿ ಲಿವಿನಸ್ ದ ವೊಗೆಲಾರ್ ಎಂಬ ಚಿತ್ರಕಾರನಿಂದ ಬರೆಸಿದ ದೊಡ್ಡ ಚಿತ್ರ ಈಗ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಡಾರ್ನ್ಲಿಯ ಸಮಾಧಿಯ ಮುಂದೆ ಕಿರೀಟ ತೊಟ್ಟ ಮಗು ಜೇಮ್ಸ್, ಅವನ ಹಿಂದೆ ಅಜ್ಜ, ಅಜ್ಜಿ, ಚಿಕ್ಕಪ್ಪ ಮೊಣಕಾಲೂರಿದ್ದಾರೆ. ಬಾಯಿಂದ ಹೊರಟ ಬರಹಗಳು ನ್ಯಾಯ ಕೇಳುತ್ತವೆ. ಕಂದ ದೊಡ್ಡವನಾದ ಮೇಲೆ ನೋಡಿ ನೆನಪಿಟ್ಟುಕೊಳ್ಳಲಿ ಎಂಬುದೇ ಅದರ ಉದ್ದೇಶ. ಮೇರಿ ಸ್ಕಾಟ್ಲೆಂಡಿನಿಂದ ಓಡಿಬಂದು ಇಂಗ್ಲೆಂಡಿನಲ್ಲಿ ಆಶ್ರಯ ಕೇಳಿದಾಗ ಲೆನಕ್ಸ್ ದಂಪತಿಗಳು ಶೋಕವಸ್ತ್ರ ತೊಟ್ಟು ಎಲಿಜಬೆತ್‌ಳ ಎದುರು ನ್ಯಾಯಕ್ಕಾಗಿ ಮೊರೆಯಿಟ್ಟರು.

1570ರಲ್ಲಿ ಲೆನಕ್ಸ್ ಮೊಮ್ಮಗನ ಪರವಾಗಿ ಸ್ಕಾಟ್ಲೆಂಡಿನ ರಾಜಪ್ರತಿನಿಧಿಯಾದ. ಮಾರ್ಗರೆಟ್ ಇಂಗ್ಲೆಂಡಿನಲ್ಲೇ ಉಳಿದು ಅವನಿಗೂ ಎಲಿಜಬೆತ್‌ಳ ಸರಕಾರಕ್ಕೂ ನಡುವೆ ಮಾತು ನಡೆಸಿದಳು. ಈ ಒಂದು ವರ್ಷ ಆಕೆ ಅಕ್ಷರಶಃ ರಾಜತಂತ್ರಜ್ಞೆಯ ಕೆಲಸ ಮಾಡಿದಳು. 1571ರ ಸೆಪ್ಟೆಂಬರ್ 4ರಂದು ಸ್ಟರ್ಲಿಂಗ್‌ನ ಮೇಲೆ ಎದುರಾಳಿಗಳು ನುಗ್ಗಿದಾಗ ಲೆನಕ್ಸ್ ಗುಂಡೇಟಿಗೆ ಬಲಿಯಾದ. ಹೆಂಡತಿಗೆ ತನ್ನ ನೆನಪು ಹೇಳಿರೆಂಬುದು ಅವನ ಕೊನೆಯ ಮಾತುಗಳಲ್ಲಿ ಸೇರಿತ್ತೆಂದು ಪರಂಪರೆ ಹೇಳುತ್ತದೆ. ಮಾರ್ಗರೆಟ್ ಅವನ ನೆನಪಿಗೆ ಮಾಡಿಸಿದ್ದೆಂದು ಬಹುಕಾಲದಿಂದ ನಂಬಿಕೊಂಡು ಬಂದಿರುವ ಒಡವೆಯೇ ಲೆನಕ್ಸ್ ಪದಕ. ಅದು ಡಾರ್ನ್ಲಿಯ ಮದುವೆಯ ಮಾತುಕತೆ ನಡೆದ 1564ರ ಸುಮಾರಿನದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಹೃದಯದ ಆಕಾರ, ಅಂಗೈಯಲ್ಲಿ ಹಿಡಿಸುವಷ್ಟು, ಸುಮಾರು 6.6 ಸೆಂಟಿಮೀಟರ್ ಎತ್ತರ. ಚಿನ್ನದ ಮೇಲೆ ಬಣ್ಣದ ಮೀನಾಕೆಲಸ, ಮಾಣಿಕ್ಯ, ಪಚ್ಚೆ. ನಡುವೆ ನೀಲಿಬಣ್ಣದ ರೆಕ್ಕೆಯ ಹೃದಯ, ಅದರ ಮೇಲೊಂದು ಕಿರೀಟ. ಕಿರೀಟವೂ ಹೃದಯವೂ ಮುಚ್ಚಳದಂತೆ ತೆರೆಯುತ್ತವೆ. ಒಳಗೆ ಮತ್ತಷ್ಟು ಚಿತ್ರಗಳು. ಒಟ್ಟು 28 ಸಂಕೇತಗಳು, ಸ್ಕಾಟ್ಸ್ ನುಡಿಯಲ್ಲಿ 6 ಬರಹಗಳು. ತಿಳಿದವರು ಮಾತ್ರ ಬಿಡಿಸಬಹುದಾದ ಈ ಒಗಟುಗಳಲ್ಲಿ ಪ್ರೇಮವೂ ವಂಶದ ಹಕ್ಕೂ ಒಂದರೊಳಗೊಂದು ಹೆಣೆದುಕೊಂಡಿವೆ. ಆ ಒಡವೆಯನ್ನು 1842ರಲ್ಲಿ ವಿಕ್ಟೋರಿಯಾ ರಾಣಿ ಹರಾಜಿನಲ್ಲಿ ಕೊಂಡಳು.

ಉಳಿದ ಒಬ್ಬ ಮಗ ಚಾರ್ಲ್ಸ್‌ಗೆ ಹೆಣ್ಣು ನೋಡುವ ಕೆಲಸ ಬಾಕಿಯಿತ್ತು. 1574ರ ಶರತ್ಕಾಲದಲ್ಲಿ ಮಗನೊಂದಿಗೆ ಉತ್ತರಕ್ಕೆ ಹೊರಟ ಮಾರ್ಗರೆಟ್ ನಾಟಿಂಗ್‌ಹ್ಯಾಮ್‌ಶೈರಿನ ರಫರ್ಡ್‌ನಲ್ಲಿ ತಂಗಿದಳು. ಕರೆದವಳು ಹಾರ್ಡ್‌ವಿಕ್‌ನ ಬೆಸ್ ಎಂದೇ ಪ್ರಸಿದ್ಧಳಾದ ಶ್ರೂಸ್‌ಬರಿಯ ಕೌಂಟೆಸ್. ಸೆರೆಯಲ್ಲಿದ್ದ ಮೇರಿ ಸ್ಟೂವರ್ಟಳ ಕಾವಲು ಅವಳ ಗಂಡನದು. ಚಾರ್ಲ್ಸ್ ಅಲ್ಲಿ ಕಾಯಿಲೆ ಬಿದ್ದ, ಬೆಸ್‌ಳ ಮಗಳು ಎಲಿಜಬೆತ್ ಕ್ಯಾವೆಂಡಿಶ್ ಆರೈಕೆ ಮಾಡಿದಳು, ಕೆಲವೇ ವಾರಗಳಲ್ಲಿ ರಾಣಿಯ ಅಪ್ಪಣೆಯಿಲ್ಲದೆ ಮದುವೆ ನಡೆದುಹೋಯಿತು. ಮಕ್ಕಳೇ ಮನಸ್ಸು ಕೊಟ್ಟುಕೊಂಡರು, ತಾನೇನು ಮಾಡಲಿ ಎಂದು ಮಾರ್ಗರೆಟ್ ಸಮಜಾಯಿಷಿ ಬರೆದಳು. ಲಂಡನ್ನಿಗೆ ಕರೆ ಬಂದಾಗ ಲೆಸ್ಟರ್‌ನ ಅರ್ಲ್‌ಗೆ ಬರೆದ ಕಾಗದದಲ್ಲಿ ದಾರಿಯಲ್ಲಿ ದಣಿದುಹೋದ ತನ್ನ ಹೇಸರಗತ್ತೆಗಳ ಪಾಡನ್ನೂ ಹೇಳಿಕೊಂಡಿದ್ದಾಳೆ. ಇಬ್ಬರು ಅನುಭವಿ ತಾಯಂದಿರು ಮೊದಲೇ ಗೊತ್ತುಮಾಡಿಕೊಂಡ ಸಂಬಂಧವಿದೆಂಬುದರಲ್ಲಿ ಎಲಿಜಬೆತ್‌ಗೆ ಸಂಶಯವಿರಲಿಲ್ಲ. ಇಂದಿನ ಓದುಗರಿಗೂ ಇರಬೇಕಾಗಿಲ್ಲ. ಐವತ್ತೊಂಬತ್ತು ವರ್ಷದ ಮಾರ್ಗರೆಟ್ ಮತ್ತೆ ಟವರ್ ಸೇರಿದಳು. ಮೂರು ಸಲ ಸೆರೆ ಕಂಡೆ, ಮೂರು ಸಲವೂ ದ್ರೋಹಕ್ಕಲ್ಲ, ಪ್ರೇಮದ ವಿಷಯಕ್ಕೆ ಎಂದು ಆಕೆ ನುಡಿದಳೆಂದು ಹೇಳುತ್ತಾರೆ. ಮೊದಲ ಸಲದ ಮಟ್ಟಿಗೆ ಅದು ನಿಜ. ಉಳಿದ ಎರಡು ಸಲ ಆಕೆಯ ತಪ್ಪೋ ಸಾಹಸವೋ, ಅದು ವಂಶದ ರಾಜಕೀಯ.

ಆ ಸೆರೆಯ ದಿನಗಳಲ್ಲಿ ಸೊಸೆಯ ಮೇಲಿನ ಸಿಟ್ಟು ಕರಗಿತು. ತನ್ನ ನರೆಗೂದಲನ್ನು ಸೇರಿಸಿ ನೇಯ್ದ ಕಸೂತಿಯ ತುಂಡೊಂದನ್ನು ಮೇರಿಗೆ ಕಳಿಸಿದಳೆಂಬ ಮಾತಿದೆ. ಇಬ್ಬರ ನಡುವೆ ಕಾಗದಪತ್ರ ಮತ್ತೆ ನಡೆದದ್ದಂತೂ ನಿಜ. 1575ರಲ್ಲಿ ಚಾರ್ಲ್ಸ್‌ಗೆ ಅರ್ಬೆಲ್ಲಾ ಎಂಬ ಮಗಳು ಹುಟ್ಟಿದಳು. ಮರುವರ್ಷವೇ ಚಾರ್ಲ್ಸ್ ಕ್ಷಯದಿಂದ ತೀರಿಕೊಂಡ. ಲೆನಕ್ಸ್ ಜಹಗೀರು ಮೊಮ್ಮಗಳಿಗೆ ದಕ್ಕಲೆಂದು ಅಜ್ಜಿ ಮಾಡಿದ ಪ್ರಯತ್ನಕ್ಕೆ ಸ್ಕಾಟ್ಲೆಂಡಿನ ಆಡಳಿತ ಸೊಪ್ಪು ಹಾಕಲಿಲ್ಲ.

1578ರ ಮಾರ್ಚ್ ಮೊದಲ ಭಾಗದಲ್ಲಿ ಹ್ಯಾಕ್ನಿಯ ಮನೆಯಲ್ಲಿ ಮಾರ್ಗರೆಟ್ ಕಾಲವಾದಳು. ಸಾಯುವ ಕೆಲದಿನ ಮುಂಚೆ ಲೆಸ್ಟರ್ ಊಟಕ್ಕೆ ಬಂದಿದ್ದನೆಂಬುದರಿಂದ ವಿಷವಿಕ್ಕಿದ ವದಂತಿ ಹಬ್ಬಿತು, ಅದಕ್ಕೆ ಆಧಾರವಿಲ್ಲ. ಸಾಲದಲ್ಲಿದ್ದ ಆಕೆಗೆ ಎಲಿಜಬೆತ್ ರಾಜಮರ್ಯಾದೆಯ ಅಂತ್ಯಕ್ರಿಯೆ ಮಾಡಿಸಿದಳು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಏಳನೆಯ ಹೆನ್ರಿಯ ಗುಡಿಯ ದಕ್ಷಿಣದ ಸಾಲಿನಲ್ಲಿ ಆಕೆಯ ಸಮಾಧಿಯಿದೆ. ಅಲಬಾಸ್ಟರ್ ಶಿಲೆಯ ಮೂರ್ತಿಯ ಎರಡು ಬದಿಯಲ್ಲಿ ಮಂಡಿಯೂರಿದ ನಾಲ್ವರು ಗಂಡುಮಕ್ಕಳು, ನಾಲ್ವರು ಹೆಣ್ಣುಮಕ್ಕಳು. ಡಾರ್ನ್ಲಿಯ ತಲೆಯ ಮೇಲೆ ಕಿರೀಟ. ಶಾಸನದಲ್ಲಿ ಮುತ್ತಜ್ಜ ನಾಲ್ಕನೆಯ ಎಡ್ವರ್ಡ್‌ನಿಂದ ಹಿಡಿದು ಮೊಮ್ಮಗ ಆರನೆಯ ಜೇಮ್ಸ್‌ನವರೆಗೆ ಆಕೆಗೆ ನಂಟರಾದ ದೊರೆಗಳನ್ನೂ ರಾಣಿಯರನ್ನೂ ವರಸೆ ಸಮೇತ ಪಟ್ಟಿಮಾಡಲಾಗಿದೆ. ಗೋರಿಯ ಬರಹವೆನ್ನುವುದಕ್ಕಿಂತ ಅದು ನ್ಯಾಯಾಲಯಕ್ಕೆ ಸಲ್ಲಿಸಿದ ವಂಶಾವಳಿಯಂತಿದೆ.

ಇಂಗ್ಲಿಷಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಆಗ್ನೆಸ್ ಸ್ಟ್ರಿಕ್ಲೆಂಡ್ ಮಾರ್ಗರೆಟ್‌ಳ ಬದುಕನ್ನು ವಿಸ್ತಾರವಾಗಿ ಬರೆದಳು. ಆಮೇಲೆ ಬಹುಕಾಲ ಹೆಚ್ಚಿನದೇನೂ ಬರಲಿಲ್ಲ. 2015ರಲ್ಲಿ ಆಲಿಸನ್ ವಿಯರ್, 2017ರಲ್ಲಿ ಮಾರ್ಗನ್ ರಿಂಗ್ ಬರೆದ ಜೀವನಚರಿತ್ರೆಗಳು, ಡೆವನ್‌ಶೈರ್ ಹಸ್ತಪ್ರತಿಯ ಮೇಲೆ ಸ್ತ್ರೀ ಸಾಹಿತ್ಯದ ಅಭ್ಯಾಸಿಗಳು ಮಾಡಿದ ಕೆಲಸ, ಇವು ಆಕೆಯನ್ನು ಮತ್ತೆ ಓದುಗರ ಮುಂದೆ ತಂದಿವೆ.

1603ರ ಮಾರ್ಚ್ 24ರಂದು ಎಲಿಜಬೆತ್ ಮಕ್ಕಳಿಲ್ಲದೆ ಸತ್ತಾಗ ಮಂತ್ರಿಗಳು ಎಂಟನೆಯ ಹೆನ್ರಿಯ ಉಯಿಲನ್ನು ಪಕ್ಕಕ್ಕಿಟ್ಟು ಆರನೆಯ ಜೇಮ್ಸ್‌ನನ್ನು ಇಂಗ್ಲೆಂಡಿನ ದೊರೆಯೆಂದು ಸಾರಿದರು. ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಮಾರ್ಗರೆಟ್ ಟ್ಯೂಡರಳ ಸಂತತಿಯಾಗಿದ್ದ ಅವನಿಗೆ ಸರಿಸಾಟಿಯಾದ ಹಕ್ಕುದಾರರಿರಲಿಲ್ಲ. ಅಜ್ಜಿ ಹಾಕಿದ ಲೆಕ್ಕ ಸರಿಬಂದಿತ್ತು. ಇನ್ನೊಬ್ಬ ಮೊಮ್ಮಗಳು ಅರ್ಬೆಲ್ಲಾ 1610ರಲ್ಲಿ ದೊರೆಯ ಅಪ್ಪಣೆಯಿಲ್ಲದೆ ವಿಲಿಯಂ ಸೀಮೋರ್‌ನನ್ನು ಮದುವೆಯಾಗಿ ಸೆರೆಗೆ ಬಿದ್ದಳು. 1615ರಲ್ಲಿ ಟವರಿನಲ್ಲೇ ಸತ್ತಳು. ಸ್ಟೂವರ್ಟ್ ವಂಶದಲ್ಲಿ ಮತ್ತೆ ವಾರಸಿನ ಪ್ರಶ್ನೆ ಎದ್ದಾಗ, 1701ರ ಕಾಯಿದೆಯ ಮೂಲಕ ಪಾರ್ಲಿಮೆಂಟು ಕಿರೀಟವನ್ನು ಜೇಮ್ಸನ ಮೊಮ್ಮಗಳು, ಹ್ಯಾನೋವರ್‌ನ ಸೋಫಿಯಾ ಮತ್ತು ಅವಳ ಪ್ರಾಟೆಸ್ಟಂಟ್ ಸಂತತಿಗೆ ಗೊತ್ತುಪಡಿಸಿತು. ಬ್ರಿಟನ್ನಿನ ಇಂದಿನ ರಾಜಮನೆತನ ಆ ಕಾಯಿದೆಯ ಪ್ರಕಾರವೇ ಆಳುತ್ತಿದೆ.